ಹೆಸರಿಲ್ಲದೆ ಮರಳಿದ ಪದಗಳು

ಸಾವಳಗಿಯ ನಮ್ಮ ಡಿಟಿಪಿ ಅಂಗಡಿಗೆ ಕೆಟ್ಟ ಲ್ಯಾಪ್‌ಟಾಪ್ ತರುವವರು ಮೊದಲು ಕೇಳುವುದು ರಿಪೇರಿಗೆ ಎಷ್ಟಾಗುತ್ತದೆ ಅಂತ. ಒಳಗಿರುವುದು ಬೇಕೋ ಬೇಡವೋ ಅಂತ ನಾನೇ ಕೇಳಬೇಕು. ಆಮೇಲೆ ನೆನಪಾಗುತ್ತದೆ: ದ್ರಾಕ್ಷಿ ತೋಟಕ್ಕೆ ಎಣ್ಣೆ ಹೊಡೆದ ಲೆಕ್ಕ, ತಂಗಿಯ ಲಗ್ನದ ಫೋಟೊ, ಸೊಸೈಟಿಯ ಸಾಲದ ಪಟ್ಟಿ. "ಇದರಾಗ ಯಾವುದು ಬೇಕss ಬೇಕು?" ಎಂದರೆ ಬರುವ ಉತ್ತರ ಒಂದೇ, "ಎಲ್ಲಾ ಬೇಕ್ರಿ."

ಹಳೆಯ ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕ್ ಒಳಗಿನ ತಟ್ಟೆ ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ. ಅದನ್ನು ಓದುವ ಹೆಡ್ಡು ತಟ್ಟೆಗೆ ತಾಗದೆ, ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುತ್ತಿರುತ್ತದೆ. ತಿರುಗುವಾಗ ಏಟು ಬಿದ್ದರೆ ಹೆಡ್ಡು ತಟ್ಟೆಗೆ ಬಡಿಯುತ್ತದೆ, ಗೀರು ಬೀಳುತ್ತದೆ. ಆದ್ದರಿಂದ ನಾನು ಮೊದಲು ಕಿವಿ ಇಡುವುದು ಸದ್ದಿಗೆ. ಒಂದೇ ಅಳತೆಯಲ್ಲಿ ಟಕ್ ಟಕ್ ಎನ್ನುತ್ತಿದ್ದರೆ ಎರಡನೇ ಸಲ ಕರೆಂಟು ಕೊಡುವುದಿಲ್ಲ. ಅದು ಧೂಳಿಲ್ಲದ ಕೋಣೆಯಲ್ಲಿ ಬಿಚ್ಚಿ, ಹೆಡ್ಡು ಬದಲಿಸುವವರ ಕೆಲಸ. ಅಂಥ ಪ್ರಯೋಗಾಲಯ ಬೇಕೆಂದರೆ ಬೆಂಗಳೂರಿಗೋ ಮುಂಬಯಿಗೋ ಕಳಿಸಬೇಕು, ಖರ್ಚೂ ಸಣ್ಣದಲ್ಲ. ನಮ್ಮ ಬೇಸಿಗೆಯ ಧೂಳಿನಲ್ಲಿ ಮುಚ್ಚಳ ತೆಗೆದರೆ ಅಲ್ಲಿಗೆ ಕಥೆ ಮುಗಿಯಿತು. ವಿಡಿಯೊ ನೋಡಿ ಬಂದವರು "ಫ್ರಿಜ್ಜಿನಾಗ ಇಟ್ಟ ತೆಗೀರಿ, ಚಾಲೂ ಆಕ್ಕೈತಿ" ಎನ್ನುವುದುಂಟು. ತಣ್ಣಗಾದ ಡಿಸ್ಕನ್ನು ಹೊರಗೆ ತೆಗೆದ ಕೂಡಲೆ ಒಳಗೆ ನೀರು ಪಸೆಯಾಗಿ ಕೂರುತ್ತದೆ, ನಾನು ಒಪ್ಪುವುದಿಲ್ಲ.

ಡೇಟಾ ಬಂದರೆ ಮಾತ್ರ ದುಡ್ಡು ಎಂಬ ಕರಾರಿಗೂ ನಾನು ಒಪ್ಪುವುದಿಲ್ಲ. ಆ ಕರಾರಿನಲ್ಲಿ ಕೂತವನು ಸಾಯುವ ಡಿಸ್ಕನ್ನು ಮತ್ತೆ ಮತ್ತೆ ಎಬ್ಬಿಸುತ್ತಾನೆ. ನೋಡಿದ್ದಕ್ಕೆ ಇಷ್ಟು, ನಕಲು ಮಾಡಿದ್ದಕ್ಕೆ ಇಷ್ಟು ಎಂದು ಮೊದಲೇ ಹೇಳಿಬಿಡುತ್ತೇನೆ. ಕೆಲವರು ಎದ್ದು ಹೋಗುತ್ತಾರೆ, ಹೋಗಲಿ.

ನಿವೃತ್ತ ಕನ್ನಡ ಮಾಸ್ತರೊಬ್ಬರ ಲ್ಯಾಪ್‌ಟಾಪ್ ಬಂದಾಗ ಸದ್ದು ಟಕ್ ಟಕ್ ಇರಲಿಲ್ಲ. ಗರ್ ಎಂದು ತಿರುಗಿ, ನಡುನಡುವೆ ತಡೆದು ನಿಲ್ಲುತ್ತಿತ್ತು. ಜಮಖಂಡಿಯಿಂದ ಕೃಷ್ಣೆ ದಾಟಿ ಬರುವಾಗ ಬೈಕಿನಿಂದ ಚೀಲ ಜಾರಿ ಬಿದ್ದಿತ್ತು. ಒಳಗಿದ್ದದ್ದು ಅವರು ವರ್ಷಾನುಗಟ್ಟಲೆ ಮೊಹರಮ್ಮಿಗೆ ಊರೂರು ತಿರುಗಿ ಕೂಡಿಸಿದ ರಿವಾಯತ ಪದಗಳು. ಕರ್ಬಲಾದ ಕಥೆಯನ್ನು ನಮ್ಮ ಕಡೆ ಹಿಂದೂಗಳೂ ಮುಸಲ್ಮಾನರೂ ಕೂಡಿ ಕನ್ನಡದಲ್ಲಿ ಹಾಡುತ್ತಾರಲ್ಲ, ಅವು. ಅರ್ಧ ಟೈಪಾಗಿದ್ದವು, ಅರ್ಧ ಮೊಬೈಲಿನಲ್ಲಿ ಹಿಡಿದ ದನಿ. "ತಮ್ಮಾ, ಲ್ಯಾಪ್‌ಟಾಪ್ ನೀನss ಇಟಗೊ, ಪದ ಅಷ್ಟ ಕೊಡು" ಎಂದರು. ಬೇಕಾದದ್ದು ಯಾವುದೆಂದು ಇಷ್ಟು ನಿಚ್ಚಳವಾಗಿ ಹೇಳಿದ ಗಿರಾಕಿ ನನಗೆ ಹಿಂದೆ ಸಿಕ್ಕಿರಲಿಲ್ಲ.

ವಿಂಡೋಸ್ ಇಂಥ ಡಿಸ್ಕನ್ನು ಕಂಡರೆ 'ಸರಿಪಡಿಸಲೇ?' ಎಂದು ಕೇಳುತ್ತದೆ. ಹೂಂ ಎನ್ನಬಾರದು. ಅದರ ಚೆಕ್‌ಡಿಸ್ಕ್ ನೋಡುವುದು ಡಿಸ್ಕಿನ ವ್ಯವಸ್ಥೆ ಸರಿಯಿದೆಯೇ ಎಂದಷ್ಟೇ. ಸರಿಯಿಲ್ಲದ್ದನ್ನು ಅದೇ ಡಿಸ್ಕಿನ ಮೇಲೆ ಬರೆದು ಕತ್ತರಿಸಿ ಹಾಕುತ್ತದೆ. ನಾನು ಡಿಸ್ಕನ್ನು ಹೊರತೆಗೆದು, ಪೆನ್‌ಡ್ರೈವಿನಿಂದ ಲಿನಕ್ಸ್ ಎಬ್ಬಿಸಿದ ಬೇರೆ ಕಂಪ್ಯೂಟರಿಗೆ ಜೋಡಿಸಿ, ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶ ಹಚ್ಚಿದೆ. ಅದು ಫೈಲು ಹುಡುಕುವುದಿಲ್ಲ. ಇಡೀ ಡಿಸ್ಕನ್ನು ಇದ್ದ ಹಾಗೆ ಇನ್ನೊಂದಕ್ಕೆ ಇಳಿಸುತ್ತದೆ. ಮೊದಲ ಸುತ್ತಿನಲ್ಲಿ ಸುಲಭವಾಗಿ ಓದಿಸಿಕೊಂಡದ್ದನ್ನೆಲ್ಲ ಎತ್ತಿಕೊಂಡು, ತಡೆಯುವ ಜಾಗವನ್ನು ಹಾರಿ ಮುಂದೆ ಹೋಗುತ್ತದೆ. ಕೆಟ್ಟ ಸೆಕ್ಟರುಗಳ ಜೊತೆ ಗುದ್ದಾಟ ಕೊನೆಗೆ. ಯಾವುದು ಬಂತು, ಯಾವುದು ಉಳಿಯಿತು ಎಂಬ ನಕಾಶೆಯನ್ನು ಪಕ್ಕದಲ್ಲಿ ಬರೆದಿಡುತ್ತಾ ಹೋಗುತ್ತದೆ. ಕರೆಂಟಿನ ಭರವಸೆ ಇಲ್ಲದ ಊರಲ್ಲಿ ಈ ನಕಾಶೆಯ ಬೆಲೆ ನನಗೆ ಗೊತ್ತು. ಲೈನು ಹೋಗಿ ಬಂದಾಗೆಲ್ಲ ಅದು ನಿಂತಲ್ಲಿಂದಲೇ ಮುಂದುವರಿಯಿತು. ಎದುರಿಗೆ ಫ್ಯಾನು ಇಟ್ಟು, ಬಿಸಿಯಾದಾಗ ನಿಲ್ಲಿಸಿ, ಆರಿದ ಮೇಲೆ ಹಚ್ಚಿ, ಹಾಗೇ ನಡೆಯಿತು.

ನಕಲೇನೋ ಬಹುಪಾಲು ಬಂತು. ಬಾರದೆ ಉಳಿದ ಸ್ವಲ್ಪ ಜಾಗವೇ ಕೇಡು ಮಾಡಿತ್ತು. ಮಾಸ್ತರಿಗೆ ತಿಳಿಯುವಂತೆ ಹೊಲದ ಮಾತಿನಲ್ಲೇ ಹೇಳಿದೆ: ಯಾವ ಫೈಲು ಎಲ್ಲಿದೆ, ಅದರ ಹೆಸರೇನು ಎಂಬ ಪಹಣಿ ಉತಾರಗಳೆಲ್ಲ ಡಿಸ್ಕಿನ ಒಂದು ಕೋಷ್ಟಕದಲ್ಲಿರುತ್ತವೆ, ಹೊಲ ಇದ್ದಲ್ಲೇ ಇದೆ, ಉತಾರ ಹರಿದಿದೆ. ವಿಂಡೋಸಿನ ಎನ್‌ಟಿಎಫ್‌ಎಸ್ ಪದ್ಧತಿಯಲ್ಲಿ ಆ ಕೋಷ್ಟಕ ಸಾಮಾನ್ಯವಾಗಿ ವಿಭಾಗದ ಮೊದಲ ಕೆಲವೇ ಜಿಬಿಗಳಲ್ಲಿ ಶುರುವಾಗುತ್ತದೆ. ಏಟು ಬಿದ್ದದ್ದು ಅಲ್ಲಿಗೇ.

ಇನ್ನು ಉಳಿದದ್ದು ಫೋಟೊರೆಕ್ ಎಂಬ ತಂತ್ರಾಂಶ. ಹೆಸರಿನಲ್ಲಿ ಫೋಟೊ ಇದ್ದರೂ ಅದು ನೂರಾರು ಬಗೆಯ ಫೈಲು ಹೆಕ್ಕುತ್ತದೆ. ಕೋಷ್ಟಕದ ಗೊಡವೆಗೆ ಹೋಗದೆ, ಪ್ರತಿ ಬಗೆಯ ಫೈಲಿನ ಮೊದಲಲ್ಲಿರುವ ಗುರುತನ್ನು ಡಿಸ್ಕಿನ ಉದ್ದಕ್ಕೂ ಹುಡುಕುತ್ತದೆ. ಒಂದೇ ಕಡೆ ಸಾಲಾಗಿ ಬರೆದ ಫೈಲು ಇಡಿಯಾಗಿ ಸಿಗುತ್ತದೆ, ತುಂಡಾಗಿ ಹರಡಿದ್ದು ಮುರಿದು ಬರುತ್ತದೆ. ಸಾಲಾಗಿ ಕೂತದ್ದು ಉಳಿಯುತ್ತದೆ ಎಂಬುದಕ್ಕೆ ಒಂದು ಉದಾಹರಣೆ: 2003ರ ಫೆಬ್ರುವರಿ 1ರಂದು ಕಲ್ಪನಾ ಚಾವ್ಲಾ ಇದ್ದ ಕೊಲಂಬಿಯಾ ನೌಕೆ ಒಡೆದು ಬಿತ್ತಲ್ಲ, ಅದರಲ್ಲಿದ್ದ 340 ಎಂಬಿಯ ಸೀಗೇಟ್ ಡಿಸ್ಕೊಂದು ಸುಟ್ಟು ಕರಕಾಗಿ ಟೆಕ್ಸಾಸಿನಲ್ಲಿ ಸಿಕ್ಕಿತ್ತು. ಅದರಿಂದ ಶೇ. 99ರಷ್ಟು ಮಾಹಿತಿ ತೆಗೆದರು. ಅದರಲ್ಲಿದ್ದದ್ದು ನೌಕೆಯಲ್ಲಿ ಕ್ಸೆನಾನ್ ಅನಿಲದ ಮೇಲೆ ನಡೆಸಿದ ಪ್ರಯೋಗದ ಮಾಹಿತಿ, ಫಲಿತಾಂಶ 2008ರಲ್ಲಿ ಪ್ರಕಟವಾಯಿತು. ತಟ್ಟೆಗಳು ಉಳಿದದ್ದು ಮುಖ್ಯ ಕಾರಣ. ಜೊತೆಗೆ ಆ ಕಂಪ್ಯೂಟರು ಹಳೆಯ ಡಾಸ್‌ನಲ್ಲಿ ನಡೆಯುತ್ತಿದ್ದರಿಂದ ಮಾಹಿತಿ ಚದುರದೆ ಒಂದೆಡೆ ಕೂತಿತ್ತು. ಮಾಸ್ತರಾದರೋ ಒಂದೇ ಫೈಲನ್ನು ಪ್ರತಿ ಮೊಹರಮ್ಮಿಗೂ ತೆಗೆದು ತಿದ್ದಿ ಬೆಳೆಸಿದವರು. ಅವರ ದೊಡ್ಡ ಫೈಲುಗಳೇ ಹೆಚ್ಚು ಮುರಿದವು. ಬರೆದು ಮರೆತುಬಿಟ್ಟ ಸಣ್ಣವು ನೆಟ್ಟಗೆ ಬಂದವು.

ಬಂದದ್ದು ರಾಶಿ ರಾಶಿ. ಹೆಸರಿನ ಜಾಗದಲ್ಲಿ ಒಂದು ಅಕ್ಷರ, ಬೆನ್ನಿಗೆ ಉದ್ದದ ಅಂಕಿ. ಪ್ರತಿಯೊಂದನ್ನೂ ತೆಗೆದು ನೋಡುವ ಬದಲು ಒಳಗಿನ ಮಾತಿನಿಂದ ಹುಡುಕೋಣ ಎಂದು 'ಕರ್ಬಲಾ' ಎಂದು ಕನ್ನಡದಲ್ಲಿ ಕೊಟ್ಟೆ. ಒಂದೂ ಬರಲಿಲ್ಲ. ಮಾಸ್ತರು ಟೈಪು ಮಾಡಿದ್ದು ನುಡಿ ತಂತ್ರಾಂಶದ ಹಳೆಯ ಅಕ್ಷರದಲ್ಲಿ. ಅದರಲ್ಲಿ ಕಂಪ್ಯೂಟರಿಗೆ ಕನ್ನಡ ಎಂಬುದೇ ಗೊತ್ತಿಲ್ಲ. ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸಂಕೇತಗಳ ಮೇಲೆ ನಮ್ಮ ಒತ್ತು, ಕೊಂಬು, ದೀರ್ಘಗಳ ಚಿತ್ರ ಕೂರಿಸಿರುತ್ತದೆ. ನಾನು ಹುಡುಕಿದ್ದು ಈಗಿನ ಯುನಿಕೋಡ್ ಅಕ್ಷರದಲ್ಲಿ. ಯುನಿಕೋಡಿನ 'ಕ' ಬೇರೆ, ನುಡಿಯ 'ಕ' ಬೇರೆ. ಹುಡುಕುವ ಜಾಗದಲ್ಲಿ ನುಡಿ ಚಾಲೂ ಮಾಡಿ ಅದೇ ಪದ ಕೊಟ್ಟಾಗ ತೆರೆಯ ಮೇಲೆ ಮೂಡಿದ್ದು ಅರ್ಥವಿಲ್ಲದ ಇಂಗ್ಲಿಷ್ ಕಲಸುಮೇಲೋಗರ. ಆದರೆ ಫೈಲುಗಳು ಸಾಲುಗಟ್ಟಿದವು. ಹಳೆಯ ಕನ್ನಡ ಕಡತ ಹುಡುಕುವ ಯಾರಿಗಾದರೂ ಇದು ಬೇಕಾದ ಉಪಾಯ: ಬರೆದವರು ನುಡಿ ಬಳಸಿದ್ದರೋ ಬರಹವೋ ಶ್ರೀಲಿಪಿಯೋ ಎಂದು ಮೊದಲು ಕೇಳಿಕೊಳ್ಳಿ.

ದನಿಯ ಫೈಲುಗಳಿಗೆ ಈ ಉಪಾಯವೂ ಇಲ್ಲ. ಯಾರ ದನಿ, ಯಾವ ಊರು, ಯಾವ ವರ್ಷ, ಎಲ್ಲವೂ ಇದ್ದದ್ದು ಕಳೆದುಹೋದ ಆ ಹೆಸರುಗಳಲ್ಲಿ. ಮಾಸ್ತರು ಸಂಜೆ ಅಂಗಡಿಗೆ ಬಂದು ಕೂತು ಕೇಳತೊಡಗಿದರು. ಹಲಗಿಯ ಪೆಟ್ಟಿನ ಮೇಲೆ ಮೇಳ ಗುರುತಿಸುತ್ತಿದ್ದರು. ಹಿಂದೆ ಕೆಮ್ಮಿದವನ ಮೇಲೆ ವರ್ಷ: "ಇಂವಾ ಹೋದ ಮ್ಯಾಲ ಆ ಊರಿಗೆ ನಾ ಹೋಗಿಲ್ಲ." ಝೆರಾಕ್ಸಿಗೆ ಬಂದವರೂ ನಿಂತು ಕೇಳಿ ಹೆಸರು ಹೇಳತೊಡಗಿದರು. ಒಬ್ಬ ಮುದುಕಿಯಂತೂ ಆಧಾರ್ ಝೆರಾಕ್ಸ್ ಮರೆತು ಹಾಡಿನ ಮುಂದಿನ ಸಾಲು ಹೇಳಿಕೊಟ್ಟಳು. ಮುರಿದ ಫೈಲಿನಲ್ಲಿ ಹೋಗಿದ್ದ ಸಾಲು ಅದು.

ಎಲ್ಲ ಬಂದಿಲ್ಲ. ಬಂದದ್ದನ್ನು ಯುನಿಕೋಡಿಗೆ ಬದಲಿಸುತ್ತಿದ್ದೇವೆ. ಪರಿವರ್ತಕ ಒತ್ತಕ್ಷರಗಳನ್ನು ಅಲ್ಲಲ್ಲಿ ಕೆಡಿಸುತ್ತದೆ, ಮಾಸ್ತರು ಕೆಂಪು ಪೆನ್ನು ಹಿಡಿದು ತಿದ್ದುತ್ತಾರೆ. ಒಂದು ದೊಡ್ಡ ಪದ ಮಾತ್ರ ಯಾರದೆಂದು ತೀರ್ಮಾನವಾಗಿಲ್ಲ. ತುಂಗಳದವರು ತಮ್ಮ ಮೇಳದ್ದೆನ್ನುತ್ತಾರೆ, ಗೋಠೆಯವರು ತಮ್ಮದೆನ್ನುತ್ತಾರೆ. ಫೈಲಿಗೆ ಎರಡೂ ಊರಿನ ಹೆಸರು ಹಾಕಿದ್ದೇನೆ. ಯಾರ ಊರು ಮೊದಲು ಎಂಬ ಜಗಳ ಈಗ ಶುರುವಾಗಿದೆ.