ನಡುಕ ನಿಂತರೂ ಫಿಟ್ಸ್ ನಿಂತಿರಲಿಲ್ಲ

ಲಕ್ವ ಹೊಡೆದು ಚೇತರಿಸಿಕೊಂಡವರಿಗೆ ಎಷ್ಟೋ ತಿಂಗಳ ಮೇಲೆ ಫಿಟ್ಸ್ ಬರಬಹುದೆಂದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಪ್ಪ ಕೋಲೂರಿ ತೋಟದವರೆಗೆ ಹೋಗಿಬರುವಷ್ಟಾಗಿದ್ದರು. ಮಾತು ತುಸು ತೊದಲುತ್ತಿತ್ತು, ಆದರೆ ಅಡಿಕೆ ಲೆಕ್ಕ ತಪ್ಪುತ್ತಿರಲಿಲ್ಲ. ಒಂದು ಸಂಜೆ ಸೋತಿದ್ದ ಬಲಗೈ ಅದುರತೊಡಗಿತು, ನೋಡನೋಡುತ್ತ ಇಡೀ ಮೈ ಸೆಟೆದುಕೊಂಡಿತು.

ಪಕ್ಕದ ಮನೆಯವರು ಬೀಗದಕೈ ಹಿಡಿದು ಓಡಿಬಂದರು. ಅಮ್ಮ ಅದನ್ನು ಬದಿಗಿಟ್ಟು ಅಪ್ಪನನ್ನು ಮಗ್ಗುಲಿಗೆ ಹೊರಳಿಸಿ ಮಲಗಿಸಿದರು. ಬಾಯಿಗೆ ನೀರು ಹಾಕಲು ಯಾರನ್ನೂ ಬಿಡಲಿಲ್ಲ. ನಾನು 108ಕ್ಕೆ ಫೋನ್ ಮಾಡಿದೆ. ಅದುರುವಿಕೆ ಮಾತ್ರ ನಿಲ್ಲಲೇ ಇಲ್ಲ.

ತಾಲ್ಲೂಕು ಆಸ್ಪತ್ರೆಯಲ್ಲಿ ಲೊರಾಜೆಪಾಮ್ ಚುಚ್ಚಿದ ಮೇಲೆ ಮೈ ಸಡಿಲವಾಯಿತು. ಎಲ್ಲರೂ ಉಸಿರು ಬಿಟ್ಟೆವು. ಆದರೆ ಅಪ್ಪ ಕಣ್ಣು ತೆರೆದೇ ಇದ್ದರೂ ನಮ್ಮನ್ನು ನೋಡುತ್ತಿರಲಿಲ್ಲ, ರೆಪ್ಪೆ ಸಣ್ಣಗೆ ಮಿಡಿಯುತ್ತಿತ್ತು. ಶಿವಮೊಗ್ಗಕ್ಕೆ ಕರೆದೊಯ್ದಾಗ ನರರೋಗ ತಜ್ಞರು ಮಿದುಳಿನ ವಿದ್ಯುತ್ ಚಟುವಟಿಕೆ ನೋಡುವ ಇಇಜಿ ಮಾಡಿಸಿ, "ನೋಡಮ್ಮಾ, ಹೊರಗೆ ನಿಂತಿದೆ, ಮಿದುಳಿನಲ್ಲಿ ಇನ್ನೂ ನಡೀತಾನೇ ಇದೆ" ಎಂದರು. ಇಂಥದ್ದನ್ನು ಇಇಜಿ ಇಲ್ಲದೆ ಖಚಿತವಾಗಿ ಹೇಳಲಾಗದು. ಲಕ್ವ ಆದವರು ಮಂಕಾಗಿದ್ದರೆ ಸುಸ್ತು ಎಂದು ಬಿಟ್ಟುಬಿಡುವುದೇ ಹೆಚ್ಚು. ಹಾಗಾಗಿ ಫಿಟ್ಸ್ ನಿಂತ ಮೇಲೂ ಪ್ರಜ್ಞೆ ಮರಳದಿದ್ದರೆ ಇಇಜಿ ಬೇಕೇ ಎಂದು ಮನೆಯವರೇ ಬಾಯಿಬಿಟ್ಟು ಕೇಳಬೇಕು.

ಐದು ನಿಮಿಷ ದಾಟಿದ ಫಿಟ್ಸ್ ತಾನಾಗಿ ನಿಲ್ಲುವ ಸಂಭವ ಕಡಿಮೆ. ಅರ್ಧ ಗಂಟೆ ದಾಟಿದರೆ ಮಿದುಳಿಗೆ ಉಳಿದುಬಿಡುವ ಹಾನಿಯ ಭಯ. 2015ರಲ್ಲಿ ಅಂತರರಾಷ್ಟ್ರೀಯ ತಜ್ಞರ ಸಂಘ ಕೈಕಾಲು ಸೆಟೆದು ಅದುರುವ ಫಿಟ್ಸ್‌ಗೆ ಹಾಕಿಕೊಟ್ಟ ಗಡಿಗಳಿವು. ಹೊತ್ತು ಕಳೆದಂತೆ ಲೊರಾಜೆಪಾಮ್‌ನಂಥ ಮೊದಲ ಔಷಧಿ ಹಿಡಿದುಕೊಳ್ಳುವ ಗ್ರಾಹಕಗಳು ನರಕೋಶದ ಮೇಲ್ಮೈಯಿಂದ ಒಳಕ್ಕೆ ಸರಿಯುತ್ತವೆ, ಔಷಧಿ ಸೋಲತೊಡಗುತ್ತದೆ. ಎರಡನೆಯ ಹಂತದ ಲೆವೆಟಿರಾಸೆಟಮ್, ಫಾಸ್ಫೆನಿಟಾಯಿನ್, ವಾಲ್ಪ್ರೋಯೇಟ್ ಮೂರನ್ನೂ ಹೋಲಿಸಿದ 2019ರ ದೊಡ್ಡ ಅಧ್ಯಯನದಲ್ಲಿ ಪ್ರತಿಯೊಂದೂ ಸುಮಾರು ಅರ್ಧದಷ್ಟು ಜನರಲ್ಲಷ್ಟೇ ಫಿಟ್ಸ್ ನಿಲ್ಲಿಸಿತ್ತು. ಅಪ್ಪನಿಗೆ ಲೆವೆಟಿರಾಸೆಟಮ್ ಹಿಡಿಯಿತು.

ಐಸಿಯು ಹೊರಗೆ ನಾವು ಪದೇಪದೇ ಕೇಳಿದ್ದು ಒಂದೇ: ಮೊದಲಿನ ಹಾಗೆ ಆಗ್ತಾರಾ? ವಯಸ್ಸು, ಹಳೆಯ ಲಕ್ವದ ತೀವ್ರತೆ, ಫಿಟ್ಸ್ ಎಷ್ಟು ಹೊತ್ತು ನಡೆಯಿತು, ಯಾವ ಔಷಧಿಗೆ ಬಗ್ಗಿತು, ಇವೆಲ್ಲ ಸೇರಿ ತೀರ್ಮಾನವಾಗುತ್ತದೆ ಎಂದರು. ಹೊಸ ಲಕ್ವದ ಜೊತೆಗೇ ಬಂದದ್ದಕ್ಕಿಂತ ಹಳೆಯ ಗಾಯದ ಕಲೆಯಿಂದ ಎದ್ದದ್ದರಲ್ಲಿ ಬದುಕುವ ಭರವಸೆ ಹೆಚ್ಚು ಎಂಬ ಮಾತನ್ನು ಅಮ್ಮ ಗಟ್ಟಿಯಾಗಿ ಹಿಡಿದುಕೊಂಡರು.

ಫಿಟ್ಸ್ ನಿಂತ ಮೇಲೆ ಅಪ್ಪನ ಬಲಗಾಲು ಪೂರ್ತಿ ಬಿದ್ದುಹೋದಂತಿತ್ತು. ಮತ್ತೊಮ್ಮೆ ಲಕ್ವ ಹೊಡೆಯಿತೆಂದೇ ನೆಂಟರು ಅತ್ತರು. ಸ್ಕ್ಯಾನ್‌ನಲ್ಲಿ ಹೊಸದೇನೂ ಇರಲಿಲ್ಲ. ಫಿಟ್ಸ್ ಆದಮೇಲೆ ಕೈಕಾಲು ಕೆಲಕಾಲ ಸೋಲುವುದುಂಟು. ಕಾಲು ನಿಧಾನವಾಗಿ ಮರಳಿತು. ಮಾತು ಮರಳಿದ್ದು ಅರ್ಧ ಮಾತ್ರ. ಅಪ್ಪ ಈಗ ಲೆಕ್ಕ ಬರೆಯುವುದಿಲ್ಲ, ಎದುರಿಗಿದ್ದವರ ಹೆಸರಿಗೆ ತಡಕಾಡುತ್ತಾರೆ. ಈ ನಷ್ಟ ನನಗೆ ಇನ್ನೂ ನುಂಗಲಾಗಿಲ್ಲ. ಅವರ ನಡಿಗೆ ನೋಡಿ "ಹುಷಾರಾದರಲ್ಲ" ಎನ್ನುವವರಿಗೆ ಅದು ಕಾಣುವುದೂ ಇಲ್ಲ.

ಲಕ್ವದ ಮೊದಲ ವಾರ ಕಳೆದ ಮೇಲೆ ಕಾರಣವಿಲ್ಲದೆ ಒಂದೇ ಸಲ ಫಿಟ್ಸ್ ಬಂದರೂ ಅದನ್ನು ಸಾಮಾನ್ಯವಾಗಿ ಅಪಸ್ಮಾರವೆಂದೇ ಪರಿಗಣಿಸುತ್ತಾರೆ. ಅದಕ್ಕೆ ಕೊಟ್ಟ ಗುಳಿಗೆಯನ್ನು ಒಮ್ಮೆಲೇ ಬಿಟ್ಟರೆ ದೀರ್ಘ ಫಿಟ್ಸ್ ಮರುಕಳಿಸಬಹುದು. ನಿಮ್ಮ ಮನೆಯಲ್ಲಿ ಲಕ್ವ ಆದವರಿದ್ದರೆ, ಫಿಟ್ಸ್ ಬಂದಾಗ ಏನು ಮಾಡಬೇಕು, ಮೂಗಿಗೆ ಬಿಡುವ ಮಿಡಜೋಲಾಮ್ ಸ್ಪ್ರೇ ಮನೆಯಲ್ಲಿಟ್ಟುಕೊಳ್ಳಬೇಕೇ ಎಂದು ವೈದ್ಯರನ್ನು ಈಗಲೇ ಕೇಳಿ. ಫಿಟ್ಸ್ ಶುರುವಾದರೆ ಮೊದಲು ಗಡಿಯಾರ ನೋಡಿ, 108ಕ್ಕೆ ಫೋನ್ ಮಾಡಿ.