ಗೆಜ್ಜೆ ಬಿಚ್ಚಿದ ಮೇಲಿನ ಕಾಯಕ

ಕಾಯಕವು ಕಾಯವನ್ನು ಆಶ್ರಯಿಸಿರುವುದು, ಕಾಯವಾದರೋ ಅಸ್ಥಿರವಾದುದು. ಒಕ್ಕಲಿಗನ ನೇಗಿಲು ಮುರಿದರೆ ಬೇರೊಂದನ್ನು ಮಾಡಿಸಬಹುದು. ನರ್ತಕನಿಗೆ ಶರೀರವೇ ಉಪಕರಣ. ಅದು ಮುರಿದಾಗ ಉದ್ಯೋಗದೊಡನೆ ‘ನಾನು ಇಂಥವನು’ ಎಂಬ ಅರಿವೂ, ಎಷ್ಟೋ ವೇಳೆ ದೇವರಲ್ಲಿಟ್ಟ ನಂಬಿಗೆಯೂ ಕುಸಿಯುವುವು. ಅಂಥವನಿಗೆ ಶರಣಮಾರ್ಗವು ಏನನ್ನು ಬೋಧಿಸುತ್ತದೆ?

ಭಟ್ಕಳ, ಹೊನ್ನಾವರ, ಕುಮಟಾ ಸೀಮೆಯವರಿಗೆ ಈ ಪ್ರಶ್ನೆಯು ಅಪರಿಚಿತವಲ್ಲ. ಇಲ್ಲಿಯ ಬಡಗುತಿಟ್ಟಿನ ಯಕ್ಷಗಾನದಲ್ಲಿ ವೇಷಧಾರಿಯು ಮೊಣಕಾಲುಗಳನ್ನು ನೆಲಕ್ಕೂರಿ ಚಕ್ರದಂತೆ ಸುತ್ತುವ ಮಂಡಿಯ ಕುಣಿತವುಂಟು. ಆ ಕಾಲಿಗೆ ಬಲವಾದ ಪೆಟ್ಟು ಬಿದ್ದರೆ ರಂಗಸ್ಥಳವು ದೂರವಾಗುವುದು. ಚೌಕಿಯಲ್ಲಿ ಬಣ್ಣ ಹಚ್ಚಿ ಅರ್ಜುನನಾಗುತ್ತಿದ್ದವನು ಇನ್ನು ಯಾರು?

ವೇಷವು ಕಳಚಿದರೂ ಅದನ್ನು ಧರಿಸಿದವನು ಉಳಿಯುತ್ತಾನೆಂಬುದೇ ಮೊದಲನೆಯ ಪಾಠ. ಶರಣ ಬಹುರೂಪಿ ಚೌಡಯ್ಯನವರಿಗೆ ಬಹುರೂಪದ ಆಟವೇ ಕಾಯಕವಾಗಿತ್ತು. ರೂಪವನ್ನು ಧರಿಸುವುದೆಂತೋ ಇಳಿಸುವುದೂ ಅಂತೆಯೇ ಆ ಕಾಯಕದ ಅಂಗ.

ಅಲ್ಲಮಪ್ರಭುಗಳ ಚರಿತ್ರೆಯು ಇನ್ನೂ ಹತ್ತಿರವಾದುದು. ಹರಿಹರ ಕವಿಯ ಪ್ರಭುದೇವರ ರಗಳೆಯಂತೆ ಅವರು ಮೊದಲು ಮದ್ದಳೆಯ ನಿಪುಣರು. ಪ್ರಿಯೆ ಕಾಮಲತೆಯು ಜ್ವರದಿಂದ ತೀರಿಹೋಗಲು ಅವರ ಬಾಳಿನ ತಾಳವೇ ತಪ್ಪಿತು. ದಿಕ್ಕುಗಾಣದೆ ಅಲೆದು, ಒಂದು ತೋಟದಲ್ಲಿ ಕಾಲುಗುರಿನಿಂದ ನೆಲವನ್ನು ಕೆದಕುತ್ತಿರಲು, ಹೂತುಹೋಗಿದ್ದ ಗುಡಿಯ ಕಳಸವು ಕಂಡಿತು. ಒಳಹೊಕ್ಕವರಿಗೆ ಅನಿಮಿಷಯ್ಯನ ಕರಸ್ಥಲದ ಲಿಂಗವು ದೊರೆಯಿತು. ಕವಿಯು ಇಲ್ಲಿ ದುಃಖವನ್ನು ಜರಿಯಲಿಲ್ಲ. ದುಃಖಿತನ ಕಾಲುಗುರೇ ಕಳಸವನ್ನು ಮುಟ್ಟಿತು.

ಕಳೆದುದು ಕೆಲವರಿಗೆ ಬೇರೊಂದು ರೀತಿಯಲ್ಲಿ ಮರಳುವುದೂ ಉಂಟು. 1981ರ ಅಪಘಾತದಿಂದಾಗಿ ಒಂದು ಕಾಲನ್ನು ಕಳೆದುಕೊಂಡ ಭರತನಾಟ್ಯ ಕಲಾವಿದೆ ಸುಧಾ ಚಂದ್ರನ್ ಅವರು ಜೈಪುರದ ಕೃತಕ ಕಾಲನ್ನು ಧರಿಸಿ 1984ರಲ್ಲಿ ಮರಳಿ ರಂಗವೇರಿದರು. ಎಲ್ಲರಿಗೂ ಹಾಗಾಗದು. ಆದರೆ ಕಾಲು ನಿಂತಲ್ಲಿ ವಿದ್ಯೆಯೂ ನಿಲ್ಲಬೇಕೆಂದಿಲ್ಲ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮೇಳವನ್ನು ಕಟ್ಟಿದರು. ಮಗ ಶಂಭು ಹೆಗಡೆಯವರು 1986ರಲ್ಲಿ ಹೊನ್ನಾವರ ತಾಲೂಕಿನ ಗುಣವಂತೆಯಲ್ಲಿ ಯಕ್ಷಗಾನ ಕಲಿಸುವ ಕೇಂದ್ರವನ್ನು ಸ್ಥಾಪಿಸಿದರು. 2009ರಲ್ಲಿ ಶಂಭು ಹೆಗಡೆಯವರು ತೀರಿಕೊಂಡ ಮೇಲೂ ಮೇಳವು ಮುಂದುವರಿಯಿತು. ಒಬ್ಬರ ಕಾಲಿನ ಹೆಜ್ಜೆಯು ಮತ್ತೊಬ್ಬರ ಕಾಲಿಗೆ ಇಳಿಯುವುದೇ ಗುರುಪರಂಪರೆ.

ಗಳಿಸಿದ ಧನದಲ್ಲಿರುವಂತೆ ಗಳಿಸಿದ ಲಯಜ್ಞಾನದಲ್ಲಿಯೂ ಸಮಾಜಕ್ಕೆ ಪಾಲುಂಟು. ಎಳೆಯರ ಹೆಜ್ಜೆಯನ್ನು ತಿದ್ದುವುದು, ತಾಳವನ್ನು ಹೇಳಿಕೊಡುವುದು, ಪ್ರಸಂಗದ ಅರ್ಥವನ್ನು ಬಿಡಿಸುವುದು, ಇವೆಲ್ಲವೂ ದಾಸೋಹವೇ. ಕುಣಿಯುವ ಕಾಯಕವು ಮುಗಿದ ದಿನವೇ ಕಲಿಸುವ ಕಾಯಕವು ಮೊದಲಾಗಬಹುದು.

ಮನೆಯವರಿಗೂ ಇಲ್ಲಿ ಕರ್ತವ್ಯವುಂಟು. ನೊಂದವನ ಮುಂದೆ ಪೂರ್ವಕರ್ಮದ ಮಾತನ್ನೆತ್ತಬಾರದು. ಕೈಲಾಗದವನೆಂದು ಮೂಲೆಗೆ ಕೂರಿಸಲೂಬಾರದು. ಅವನ ಅಳುವಿಗೆ ಕಾಲವನ್ನು ಕೊಡಬೇಕು. ಬಳಿಕ ಅವನಿಂದಾಗುವ ಕೆಲಸವನ್ನು ಗೌರವದಿಂದ ಬೇಡಬೇಕು. ಪೂಜೆಗೆ ಕುಳಿತಾಗ ಮನಸ್ಸು ನಿಲ್ಲದಿದ್ದರೆ ಅವನು ಆ ನಿಲ್ಲದ ಮನಸ್ಸನ್ನೇ ಲಿಂಗಕ್ಕೆ ಅರ್ಪಿಸಲಿ.

ಇಷ್ಟಲಿಂಗಧಾರಿಯು ದೇವರನ್ನರಸಿ ನಡೆದುಹೋಗಬೇಕಾಗಿಲ್ಲ. ಕಾಲು ಸೋತರೂ ಕರಸ್ಥಲವು ಸೋಲದು. ಸಭೆಯ ಮುಂದೆ ಅಭಿನಯಿಸಿದ ಅದೇ ಅಂಗೈಯು ಲಿಂಗಕ್ಕೆ ಪೀಠವಾಗುವುದು. ಸದ್ಭಕ್ತರು ಇದನ್ನು ಮನನ ಮಾಡಿ, ತಮ್ಮ ನೆರೆಯಲ್ಲಿ ಗೆಜ್ಜೆ ಬಿಚ್ಚಿ ಕುಳಿತವರಿದ್ದರೆ ಅವರ ಬಳಿಗೆ ಮಕ್ಕಳನ್ನು ಕಲಿಯಲು ಕಳುಹಿಸಲಿ.