ಸೆಣಬು, ಪುಂಡಿ: ಕೊಯ್ಲಿಗೆ ಹೂವೇ ಗುರುತು



ಚನ್ನಗಿರಿ, ಹೊನ್ನಾಳಿ, ನ್ಯಾಮತಿಯ ಗದ್ದೆಗಳಿಗೆ ಸೆಣಬು ಒಳ್ಳೆಯ ಹಸಿರೆಲೆ ಗೊಬ್ಬರ. ಜಗಳೂರಿನಂಥ ಖುಷ್ಕಿ ಸೀಮೆಗೆ ಹಗ್ಗದ ನಾರು ಕೊಡುವ ಪುಂಡಿ ಹೊಂದುತ್ತದೆ.

ಎರಡರಲ್ಲೂ ನಾರು ಇರುವುದು ಕಾಂಡದ ತೊಗಟೆಯಲ್ಲಿ. ಗಿಡದ ಎಲ್ಲ ಜೀವಕೋಶಗಳಲ್ಲೂ ಅವೇ ವಂಶವಾಹಿಗಳಿದ್ದರೂ ಎಲ್ಲೆಡೆ ಎಲ್ಲವೂ ಕೆಲಸ ಮಾಡುವುದಿಲ್ಲ. ತೊಗಟೆಯ ಕೆಲವು ಕೋಶಗಳಲ್ಲಿ ಸೆಲ್ಯುಲೋಸ್ ತಯಾರಿಸುವ ವಂಶವಾಹಿಗಳು ಚುರುಕಾದಾಗ ಕೋಶದ ಗೋಡೆ ದಪ್ಪವಾಗಿ ನಾರಾಗುತ್ತದೆ. ಗಿಡ ಬಲಿತಂತೆ ಲಿಗ್ನಿನ್ ಎಂಬ ವಸ್ತು ಸೇರಿ ಕಾಂಡ ಗಡುಸಾಗುತ್ತದೆ.

ಒಳಗಿನ ಈ ಬದಲಾವಣೆ ಕಣ್ಣಿಗೆ ಕಾಣದು. ಹೂವನ್ನು ನೋಡಿ ತಿಳಿಯಿರಿ. ಗೊಬ್ಬರದ ಸೆಣಬನ್ನು ಹೂ ಮೂಡುವ ಹೊತ್ತಿಗೆ, ಸುಮಾರು 45 ದಿನಕ್ಕೆ, ಮಣ್ಣಿಗೆ ಸೇರಿಸಿರಿ. ತಡವಾದರೆ ಕಡ್ಡಿ ಬೇಗ ಕೊಳೆಯದು. ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ಭತ್ತದ ಪೈರಿಗೆ ಸಿಗಬೇಕಾದ ಸಾರಜನಕವನ್ನು ತಾವೇ ಬಳಸಿಕೊಳ್ಳುತ್ತವೆ. ನಾರಿಗಾದರೆ ಹೂ ತುಂಬಿದಾಗ ಕೊಯ್ಯಿರಿ. ಬೀಜ ಬಲಿತ ಮೇಲೆ ನಾರು ಒರಟಾಗುತ್ತದೆ.

ಹಗಲು ಕಿರಿದಾದಂತೆ ಹೂ ಬಿಡಿಸುವ ವಂಶವಾಹಿಗಳು ಎಚ್ಚರಗೊಳ್ಳುತ್ತವೆ. ತಡವಾಗಿ ಬಿತ್ತಿದ ಗಿಡ ಎತ್ತರವಾಗುವ ಮೊದಲೇ ಹೂ ಬಿಡುವುದರಿಂದ ನಾರೂ ಗಿಡ್ಡ. ಆದ್ದರಿಂದ ನಾರಿನ ಬೆಳೆಯನ್ನು ಮುಂಗಾರಿನ ಆರಂಭದಲ್ಲೇ ಒತ್ತಾಗಿ ಬಿತ್ತಿರಿ. ಗಿಡ ಕವಲೊಡೆಯದೆ ನೆಟ್ಟಗೆ ಬೆಳೆಯುತ್ತದೆ. ಬೀಜಕ್ಕೆಂದು ಕೆಲವು ಸಾಲು ಉಳಿಸಿಕೊಳ್ಳಲು ಮರೆಯಬೇಡಿರಿ.